ಕಾವೇರಿ ಕೊಳ್ಳದ ನೀರಿನ ಲೆಕ್ಕ: ಜಲಾಶಯಗಳ ಬಿಡುಗಡೆ ಮತ್ತು ವ್ಯಯದ ಅಂದಾಜು

ನದಿಕೊಳ್ಳವೊಂದರ ಜಲಾಶಯಗಳಿಂದ ಎಷ್ಟು ನೀರು ಹೊರಬಿತ್ತು, ಅದರಲ್ಲಿ ಎಷ್ಟು ಮುಂದಕ್ಕೆ ಹರಿಯಿತು, ಎಷ್ಟು ನೀರು ಬೆಳೆಗೆ, ಬಿಸಿಲಿಗೆ, ಊರುಗಳಿಗೆ, ಕಾರ್ಖಾನೆಗಳಿಗೆ ಸೇರಿ ಹೊಳೆಗೆ ಮರಳದೆ ಹೋಯಿತು ಎಂಬುದನ್ನು ಗೊತ್ತುಮಾಡುವುದು ಜಲವಿಜ್ಞಾನದ ಮುಖ್ಯ ಕೆಲಸಗಳಲ್ಲಿ ಒಂದು. ಮೊದಲನೆಯದನ್ನು ಬಿಡುಗಡೆ ಎಂದೂ, ಹೊಳೆಗೆ ಮರಳದೆ ಹೋದ ಪಾಲನ್ನು ವ್ಯಯ ಎಂದೂ ಈ ಲೇಖನದಲ್ಲಿ ಕರೆದಿದೆ. ಬಿಡುಗಡೆಯ ಅಂಕಿ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ವ್ಯಯದ ಅಂಕಿ ನ್ಯಾಯಮಂಡಳಿಗಳ ದಪ್ಪ ಸಂಪುಟಗಳಲ್ಲಿ, ಅದೂ ವರ್ಷಗಳ ಹಿಂದಿನದಾಗಿ, ಸಿಗುತ್ತದೆ. ನೀರಿನ ಜಗಳಗಳು ಬಗೆಹರಿಯದಿರುವುದಕ್ಕೆ ಈ ಅಂತರವೂ ಒಂದು ಕಾರಣ. ಅದನ್ನು ಕಾವೇರಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಷ್ಟ.

ತಲಕಾವೇರಿಯಿಂದ ಬಂಗಾಳ ಕೊಲ್ಲಿಯವರೆಗೆ ಸುಮಾರು 800 ಕಿ.ಮೀ. ಹರಿಯುವ ಕಾವೇರಿಯ ಕೊಳ್ಳದ ವಿಸ್ತೀರ್ಣ 81,155 ಚ.ಕಿ.ಮೀ. ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿಗಳು ಇದನ್ನು ಹಂಚಿಕೊಂಡಿವೆ. ಕರ್ನಾಟಕದ ನಾಲ್ಕು ದೊಡ್ಡ ಜಲಾಶಯಗಳು ಕೃಷ್ಣರಾಜಸಾಗರ (49.45 ಟಿಎಂಸಿ ಅಡಿ), ಹೇಮಾವತಿ (37.10), ಕಬಿನಿ (19.52) ಮತ್ತು ಹಾರಂಗಿ (8.50). ಒಟ್ಟು 114.57 ಟಿಎಂಸಿ ಅಡಿ. ಗಡಿಯಾಚೆ ಮೆಟ್ಟೂರು ಒಂದೇ 93.47 ಟಿಎಂಸಿ ಅಡಿ ಹಿಡಿಯುತ್ತದೆ. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು, ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿಯಿತು.

ಲೆಕ್ಕದಲ್ಲಿ ಎರಡು ಬಗೆಯ ಅಳತೆಗಳು ಬರುತ್ತವೆ. ನೂರು ಕೋಟಿ ಘನ ಅಡಿ ನೀರು ಒಂದು ಟಿಎಂಸಿ ಅಡಿ. ಇದು ನಿಂತ ನೀರಿನ ಅಳತೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ಇದು ಹರಿಯುವ ನೀರಿನ ಅಳತೆ. ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಅಡಿ ಆಗುತ್ತದೆ. ‘ಹದಿನೈದು ದಿನ 5,000 ಕ್ಯೂಸೆಕ್’ ಎಂಬ ಆದೇಶದ ಅರ್ಥ 6.48 ಟಿಎಂಸಿ ಅಡಿ. ಸುದ್ದಿ ಓದುವವರು ಈ ಒಂದು ಗುಣಾಕಾರವನ್ನು ಕಲಿತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಜಲಾಶಯದ ದಿನದ ಲೆಕ್ಕ

ಒಳಹರಿವು, ಹೊರಹರಿವು ಎಂದು ಪ್ರಕಟವಾಗುವ ಎರಡು ಅಂಕಿಗಳಲ್ಲಿ ಒಳಹರಿವನ್ನು ಸಾಮಾನ್ಯವಾಗಿ ಯಾರೂ ನೇರವಾಗಿ ಅಳೆಯುವುದಿಲ್ಲ. ಜಲಾಶಯಕ್ಕೆ ಹೊಳೆಯೊಂದೇ ಬರುವುದಿಲ್ಲ, ನೂರಾರು ಹಳ್ಳಗಳೂ ಬಂದು ಸೇರುತ್ತವೆ, ಮಳೆ ನೇರವಾಗಿ ನೀರಿನ ಮೇಲೆಯೂ ಬೀಳುತ್ತದೆ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಕಟ್ಟುತ್ತಾರೆ: ಸಂಗ್ರಹದಲ್ಲಾದ ಬದಲಾವಣೆಗೆ ಹೊರಬಿಟ್ಟ ನೀರನ್ನೂ ಆವಿಯಾದ ನೀರನ್ನೂ ಸೋರಿದ ನೀರನ್ನೂ ಕೂಡಿದರೆ ಒಳಹರಿವು.

ಕೃಷ್ಣರಾಜಸಾಗರವನ್ನೇ ತೆಗೆದುಕೊಳ್ಳೋಣ. ಅದರ ಗರಿಷ್ಠ ಮಟ್ಟ 124.80 ಅಡಿ, ತುಂಬಿದಾಗ ನೀರು ಹರಡುವ ವಿಸ್ತಾರ ಸುಮಾರು 130 ಚ.ಕಿ.ಮೀ. ಅಣೆಕಟ್ಟೆಯ ಗೋಡೆಯ ಮೇಲಿನ ಅಡಿಪಟ್ಟಿಯನ್ನು ನೋಡಿ ಮಟ್ಟ ಬರೆದುಕೊಳ್ಳುತ್ತಾರೆ, ಬಳಿಕ ಸಾಮರ್ಥ್ಯದ ಕೋಷ್ಟಕವನ್ನು ತೆರೆದು ಆ ಮಟ್ಟಕ್ಕೆ ಎಷ್ಟು ಟಿಎಂಸಿ ಅಡಿ ಎಂದು ಓದುತ್ತಾರೆ. ಉದಾಹರಣೆಗೆ ಒಂದು ದಿನದಲ್ಲಿ ಮಟ್ಟ 124.00ರಿಂದ 124.50 ಅಡಿಗೆ ಏರಿತು, ಹೊರಹರಿವು 10,000 ಕ್ಯೂಸೆಕ್ ಇತ್ತು ಎನ್ನೋಣ. ಅರ್ಧ ಅಡಿ ಏರಿಕೆಯೆಂದರೆ ಸುಮಾರು 0.70 ಟಿಎಂಸಿ ಅಡಿ, ದಿನದ ಸರಾಸರಿಯಲ್ಲಿ 8,100 ಕ್ಯೂಸೆಕ್. ದಿನಕ್ಕೆ 5 ಮಿ.ಮೀ. ಆವಿಯಾಯಿತೆಂದು ಹಿಡಿದರೆ ಇನ್ನೊಂದು 265 ಕ್ಯೂಸೆಕ್. ಹಾಗಾದರೆ ಒಳಹರಿವು ಸುಮಾರು 18,400 ಕ್ಯೂಸೆಕ್.

ಇದೇ ಲೆಕ್ಕದಲ್ಲಿ ಮಟ್ಟವನ್ನು ಒಂದು ಅಂಗುಲ ತಪ್ಪಾಗಿ ಓದಿದರೆ ಏನಾಗುತ್ತದೆ? ತುಂಬಿದ ಜಲಾಶಯದಲ್ಲಿ ಒಂದು ಅಂಗುಲ ನೀರೆಂದರೆ ಆ ದಿನದ ಲೆಕ್ಕದಲ್ಲಿ ಸುಮಾರು 1,350 ಕ್ಯೂಸೆಕ್ ವ್ಯತ್ಯಾಸ. ಮುಂಗಾರಿನ ಗಾಳಿ ನೀರನ್ನು ಒಂದು ದಡಕ್ಕೆ ಒತ್ತಿದರೆ, ಅಲೆ ಎದ್ದಿದ್ದರೆ ಅಷ್ಟು ತಪ್ಪು ಆಗಲು ಯಾರ ದುರುದ್ದೇಶವೂ ಬೇಕಾಗಿಲ್ಲ. ತಪ್ಪು ಮರುದಿನ ಎದುರು ದಿಕ್ಕಿನಲ್ಲಿ ಕಾಣಿಸಿಕೊಂಡು ಸರಿಹೋಗುತ್ತದೆ; ಹಾಗಾಗಿ ಒಂದು ದಿನದ ಅಂಕಿಗಿಂತ ಹತ್ತು ದಿನದ ಮೊತ್ತ ಹೆಚ್ಚು ನಂಬಿಕೆಗೆ ಅರ್ಹ. ಜಲಾಶಯ ಇಳಿದಂತೆ ನೀರಿನ ಹರವು ಕುಗ್ಗುವುದರಿಂದ ಅಂಗುಲದ ಬೆಲೆಯೂ ಇಳಿಯುತ್ತದೆ.

ಮಟ್ಟ ಸರಿಯಿದ್ದು ಕೋಷ್ಟಕವೇ ಹಳೆಯದಾದರೆ ತಪ್ಪು ವರ್ಷಗಟ್ಟಲೆ ಉಳಿಯುತ್ತದೆ. ಹೂಳು ತುಂಬಿದಂತೆ ಅದೇ ಮಟ್ಟದಲ್ಲಿ ನೀರು ಕಡಿಮೆ ಇರುತ್ತದೆ. ಇದಕ್ಕೆ ಕಣ್ಣಿಗೆ ಕಟ್ಟುವ ನಿದರ್ಶನ ಪಕ್ಕದ ಕೃಷ್ಣಾ ಕೊಳ್ಳದ ತುಂಗಭದ್ರಾ ಜಲಾಶಯ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಅದರ ಸಾಮರ್ಥ್ಯವನ್ನು ಈಗ 105.79 ಟಿಎಂಸಿ ಅಡಿ ಎಂದು ಲೆಕ್ಕ ಹಿಡಿಯುತ್ತಾರೆ. ದೋಣಿಯಲ್ಲಿ ಸೋನಾರ್ ಇಟ್ಟು ತಳದ ಆಳ ಅಳೆಯುವುದು, ಬೇರೆ ಬೇರೆ ಮಟ್ಟಗಳಲ್ಲಿ ಉಪಗ್ರಹ ಚಿತ್ರದಿಂದ ನೀರಿನ ಹರವನ್ನು ಗುರುತಿಸುವುದು, ಈ ಎರಡು ವಿಧಾನಗಳಿಂದ ಕೋಷ್ಟಕವನ್ನು ಹೊಸದಾಗಿ ಮಾಡಬಹುದು.

ಹೊರಬಿಡುವ ನೀರಿಗೆ ಹಲವು ದಾರಿಗಳಿವೆ. ಗೇಟಿನ ಕೆಳಗಿನಿಂದ ಹೊಮ್ಮುವ ನೀರನ್ನು ಗೇಟು ಎಷ್ಟು ಎತ್ತಿದೆ, ಅದರ ಮೇಲೆ ಎಷ್ಟು ಅಡಿ ನೀರಿದೆ ಎಂಬ ಎರಡು ಸಂಗತಿಗಳಿಂದ ಸೂತ್ರ ಹಾಕಿ ಲೆಕ್ಕಿಸುತ್ತಾರೆ. ಸೂತ್ರದಲ್ಲಿರುವ ಗುಣಾಂಕವನ್ನು ಮಾದರಿ ಪ್ರಯೋಗದಿಂದ ಗೊತ್ತುಮಾಡಿರುತ್ತಾರೆ. ಗೇಟು ಹಳೆಯದಾಗಿ ಸೋರತೊಡಗಿದರೆ ಸೂತ್ರಕ್ಕೆ ಅದು ತಿಳಿಯುವುದಿಲ್ಲ. ವಿದ್ಯುದಾಗಾರದ ಮೂಲಕ ಹೋದ ನೀರನ್ನು ಉತ್ಪಾದನೆಯಾದ ವಿದ್ಯುತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. ವಿಶ್ವೇಶ್ವರಯ್ಯ ನಾಲೆ, ವರುಣಾ ನಾಲೆಗಳಂಥ ಕಾಲುವೆಗಳಲ್ಲಿ ನಾಲೆಯ ತಲೆಯಲ್ಲೇ ಅಳತೆಯ ಕಟ್ಟಡ ಇರುತ್ತದೆ. ಇವುಗಳ ಪೈಕಿ ನಾಲೆಯ ಅಳತೆಯೇ ಹೆಚ್ಚು ನಿಖರ, ಪ್ರವಾಹದ ಸಮಯದ ಗೇಟಿನ ಅಳತೆ ಎಲ್ಲಕ್ಕಿಂತ ಒರಟು.

ಒಂದೇ ಕೊಳ್ಳದಲ್ಲಿ ಸಾಲಾಗಿ ಜಲಾಶಯಗಳಿದ್ದಾಗ ಒಂದು ಎಚ್ಚರ ಬೇಕು. ಹಾರಂಗಿ ಮತ್ತು ಹೇಮಾವತಿಯಿಂದ ಹೊಳೆಗೆ ಬಿಟ್ಟ ನೀರು ಕೆಲ ಸಮಯದಲ್ಲೇ ಕೃಷ್ಣರಾಜಸಾಗರದ ಒಳಹರಿವಾಗಿ ಬರುತ್ತದೆ. ನಾಲ್ಕೂ ಜಲಾಶಯಗಳ ಒಳಹರಿವನ್ನು ಕಣ್ಣುಮುಚ್ಚಿ ಕೂಡಿದರೆ ಅದೇ ನೀರು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಅಣೆಕಟ್ಟೆಯಿಂದ ಬಿಳಿಗುಂಡ್ಲುವಿಗೆ

ಕೃಷ್ಣರಾಜಸಾಗರದಿಂದ ಹೊಳೆಗೆ ಬಿಟ್ಟ ನೀರೆಲ್ಲ ತಮಿಳುನಾಡಿಗೆ ಹೋಗುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಅಣೆಕಟ್ಟೆಯ ಕೆಳಗೆ ಬಂಗಾರದೊಡ್ಡಿ, ವಿರಿಜಾ, ಚಿಕ್ಕದೇವರಾಯಸಾಗರ ನಾಲೆಗಳು ಹೊಳೆಯಿಂದಲೇ ನೀರು ತೆಗೆಯುತ್ತವೆ. ತಲಕಾಡಿನ ಬಳಿ ಮಾಧವಮಂತ್ರಿ ಅಣೆಕಟ್ಟೆ ಇದೆ. ಈ ಕಟ್ಟೆಗಳು ಕೃಷ್ಣರಾಜಸಾಗರಕ್ಕಿಂತ ಶತಮಾನಗಳಷ್ಟು ಹಳೆಯವು. ಶಿವನಸಮುದ್ರದ ಹತ್ತಿರದ ಶಿವ ಕಟ್ಟೆಯಿಂದ ತೊರೆಕಾಡನಹಳ್ಳಿಗೆ ಹೋಗುವ ಬೆಂಗಳೂರಿನ ಕುಡಿಯುವ ನೀರೂ ಇದೇ ಹೊಳೆಯಲ್ಲಿ ಹರಿದು ಬರಬೇಕು. 1902ರಿಂದ ವಿದ್ಯುತ್ ಕೊಡುತ್ತಿರುವ ಶಿವನಸಮುದ್ರದ ಕೇಂದ್ರ ಮಾತ್ರ ಪಡೆದ ನೀರನ್ನು ಹಾಗೇ ಹೊಳೆಗೆ ಮರಳಿಸುತ್ತದೆ. ವ್ಯಯದ ಲೆಕ್ಕದಲ್ಲಿ ಅದರ ಪಾಲು ಸೊನ್ನೆ.

ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಕೂಡುತ್ತದೆ. ವಯನಾಡಿನ ಮಳೆಯಿಂದ ತುಂಬುವ ಕಬಿನಿ ಜಲಾಶಯ ಸಾಮಾನ್ಯವಾಗಿ ಉಳಿದವುಗಳಿಗಿಂತ ಮುಂಚೆ ತುಂಬುತ್ತದೆ. ಬರುವ ನೀರಿಗೆ ಹೋಲಿಸಿದರೆ ಅದರ ಸಾಮರ್ಥ್ಯ ಸಣ್ಣದಾದ್ದರಿಂದ ಹೆಚ್ಚಿನದು ಹೊಳೆಗೇ ಹೋಗುತ್ತದೆ. ಮುಂದೆ ಸುವರ್ಣಾವತಿ, ಶಿಂಷಾ, ಅರ್ಕಾವತಿ ಸೇರುತ್ತವೆ. ಈ ಮಧ್ಯದ ಪ್ರದೇಶದಲ್ಲಿ ಮಳೆ ಬಿದ್ದರೆ ಯಾವ ಗೇಟನ್ನೂ ಎತ್ತದೆ ಗಡಿಯಲ್ಲಿ ನೀರು ಏರುತ್ತದೆ. ಮಳೆ ಇಲ್ಲದಿದ್ದರೆ ಬಿಟ್ಟ ನೀರಿನಲ್ಲೂ ಒಂದು ಪಾಲು ದಾರಿಯಲ್ಲಿ ಕಳೆದುಹೋಗುತ್ತದೆ.

ಗಡಿಯಲ್ಲಿರುವ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಹೊಳೆಯ ಅಡ್ಡಗಲವನ್ನು ಹಲವು ಪಟ್ಟಿಗಳಾಗಿ ಭಾಗಿಸಿ, ಪ್ರತಿ ಪಟ್ಟಿಯ ಆಳವನ್ನೂ ನೀರಿನ ವೇಗವನ್ನೂ ಅಳೆದು, ಎಲ್ಲವನ್ನೂ ಕೂಡಿ ಹರಿವನ್ನು ಪಡೆಯುವುದು ಇಂಥ ಕೇಂದ್ರಗಳ ಕ್ರಮ. ಹೀಗೆ ಬೇರೆ ಬೇರೆ ಮಟ್ಟಗಳಲ್ಲಿ ಅಳೆದ ಹರಿವುಗಳಿಂದ ಒಂದು ವಕ್ರರೇಖೆ ಸಿದ್ಧವಾಗುತ್ತದೆ. ಆಮೇಲೆ ಮಟ್ಟ ತಿಳಿದರೆ ಹರಿವು ತಿಳಿಯುತ್ತದೆ. ಪ್ರವಾಹ ಬಂದು ಮರಳು ಕೊಚ್ಚಿಹೋದರೆ, ಬಂಡೆಗಳ ನಡುವೆ ಹೊಸ ದಾರಿ ಬಿದ್ದರೆ, ರೇಖೆಯನ್ನು ಮತ್ತೆ ಬರೆಯಬೇಕು. ಬೇಸಿಗೆಯ ಸಣ್ಣ ಹರಿವಿನಲ್ಲಿ ಈ ತಪ್ಪಿನ ಪಾಲು ದೊಡ್ಡದು.

ಜಲಾಶಯಗಳಿಂದ ಬಿಟ್ಟ ನೀರು ಬಿಳಿಗುಂಡ್ಲು ಮುಟ್ಟಲು ಎರಡು-ಮೂರು ದಿನ ಬೇಕು. ಇವತ್ತಿನ ಬಿಡುಗಡೆಯನ್ನು ಇವತ್ತಿನ ಗಡಿಯ ಹರಿವಿನೊಂದಿಗೆ ಹೋಲಿಸುವುದು ತಪ್ಪು. ಅಷ್ಟು ದಿನ ಹಿಂದಕ್ಕೆ ಹೋಗಿ ಹೋಲಿಸಬೇಕು. ಮಾತಿನ ಜಗಳದಲ್ಲಿ ಈ ವಿಳಂಬವನ್ನು ಎರಡೂ ಕಡೆಯವರು ಮರೆಯುತ್ತಾರೆ.

ಗಡಿಯಾಚೆಗೆ ಎಷ್ಟು ನೀರು ಹೋಗಬೇಕು ಎಂಬುದನ್ನು ಮೈಸೂರು–ಮದ್ರಾಸುಗಳ ನಡುವಿನ 1924ರ ಒಪ್ಪಂದ ಇನ್ನೊಂದು ರೀತಿಯಲ್ಲಿ ಗೊತ್ತುಮಾಡಿತ್ತು. ತಮಿಳುನಾಡಿನ ಮೇಲಣೆಕಟ್ಟೆಯ ಅಡಿಪಟ್ಟಿಯಲ್ಲಿ ಯಾವ ತಿಂಗಳು ಎಷ್ಟು ಅಡಿ ನೀರು ಇರಬೇಕು ಎಂದು ನಿಗದಿಪಡಿಸಿ, ಅಷ್ಟು ಸಿಗುವಂತಿದ್ದರೆ ಮಾತ್ರ ಕೃಷ್ಣರಾಜಸಾಗರದಲ್ಲಿ ನೀರು ನಿಲ್ಲಿಸಬಹುದು ಎಂದಿತ್ತು. ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶದಲ್ಲಿ ಅಳತೆಯ ಜಾಗ ಮೆಟ್ಟೂರಾಯಿತು, ತಮಿಳುನಾಡಿಗೆ ಸೇರಬೇಕಾದ ಪ್ರಮಾಣ ವರ್ಷಕ್ಕೆ 205 ಟಿಎಂಸಿ ಅಡಿ. ನ್ಯಾಯಮಂಡಳಿಯ 2007ರ ಫೆಬ್ರುವರಿ 5ರ ಅಂತಿಮ ತೀರ್ಪು ಅಳತೆಯನ್ನು ಬಿಳಿಗುಂಡ್ಲುವಿಗೆ ತಂದು 192 ಟಿಎಂಸಿ ಅಡಿ ಎಂದಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು. ಈಗಿನ ತಿಂಗಳ ಪಟ್ಟಿಯಲ್ಲಿ ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76 ಟಿಎಂಸಿ ಅಡಿ ಇದ್ದು, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5 ಇದೆ. ಜಲವರ್ಷ ಶುರುವಾಗುವುದು ಜೂನ್ 1ಕ್ಕೆ. ಅಳತೆಯ ಜಾಗವನ್ನು ಮೆಟ್ಟೂರಿನಿಂದ ಗಡಿಗೆ ತಂದದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ತೀರ್ಮಾನ: ಮೆಟ್ಟೂರಿನ ಒಳಹರಿವು ಹಿಂದಿನಿಂದ ಕಟ್ಟಿದ ಅಂಕಿ, ಬಿಳಿಗುಂಡ್ಲುವಿನದು ಹೊಳೆಯಲ್ಲೇ ಅಳೆದದ್ದು.

ವ್ಯಯ

ನಾಲೆಗೆ ಬಿಟ್ಟ ನೀರೆಲ್ಲ ವ್ಯಯವಲ್ಲ. ಮಂಡ್ಯದ ಗದ್ದೆಯೊಂದನ್ನು ನೋಡಿ. ತೂಬಿನಿಂದ ಬಂದ ನೀರಿನಲ್ಲಿ ಒಂದು ಪಾಲು ಭತ್ತದ ಎಲೆಗಳ ಮೂಲಕ ಮತ್ತು ಗದ್ದೆಯ ನಿಂತ ನೀರಿನಿಂದ ಗಾಳಿಗೆ ಹೋಗುತ್ತದೆ, ಅದು ಹೋದದ್ದೇ. ಇನ್ನೊಂದು ಪಾಲು ಕೆಳಗಿನ ಗದ್ದೆಗೆ, ಅಲ್ಲಿಂದ ಬಸಿಗಾಲುವೆಗೆ, ಹಳ್ಳಕ್ಕೆ ಇಳಿದು ಶಿಂಷಾ ಅಥವಾ ಕಾವೇರಿಯನ್ನು ಸೇರುತ್ತದೆ. ಮತ್ತೊಂದು ಪಾಲು ನೆಲಕ್ಕಿಳಿದು ಸುತ್ತಲಿನ ಬಾವಿಗಳಲ್ಲಿ ಸಿಗುತ್ತದೆ. ಮದ್ದೂರು, ಮಳವಳ್ಳಿಯ ಕೊನೆಯ ಭಾಗದ ರೈತ ‘ನಾಲೆಯಲ್ಲಿ ನೀರೇ ಬರಲಿಲ್ಲ’ ಎನ್ನುವ ದಿನವೂ ಅವನ ಬಾವಿಯಲ್ಲಿ ಮೇಲ್ಭಾಗದ ನಾಲೆಯಿಂದ ಇಂಗಿದ ನೀರು ಇರಬಹುದು.

ಬೆಳೆಯ ವ್ಯಯವನ್ನು ಅಂದಾಜು ಮಾಡಲು ಈಗ ಹೆಚ್ಚು ಬಳಕೆಯಲ್ಲಿರುವುದು ಪೆನ್‌ಮನ್–ಮಾಂಟೀತ್ ಸಮೀಕರಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಇದನ್ನು ಮಾನಕವಾಗಿ ಪ್ರಕಟಿಸಿತು. ಬಿಸಿಲು, ಉಷ್ಣತೆ, ತೇವಾಂಶ, ಗಾಳಿಯ ವೇಗದಿಂದ ಆ ಜಾಗದ ಆವಿಯಾಗುವಿಕೆಯನ್ನು ಲೆಕ್ಕಿಸಿ, ಬೆಳೆಯ ಗುಣಾಂಕದಿಂದ ಗುಣಿಸುತ್ತಾರೆ. ಭತ್ತಕ್ಕೆ ಬೆಳವಣಿಗೆಯ ಮಧ್ಯದಲ್ಲಿ ಈ ಗುಣಾಂಕ 1.2ರಷ್ಟು. ದಿನಕ್ಕೆ ಸರಾಸರಿ 6 ಮಿ.ಮೀ.ನಂತೆ 120 ದಿನ ಹಿಡಿದರೆ 720 ಮಿ.ಮೀ. ಆಗುತ್ತದೆ, ಒಂದು ಲಕ್ಷ ಎಕರೆಗೆ ಅದು ಸುಮಾರು 10.3 ಟಿಎಂಸಿ ಅಡಿ. ಅದರಲ್ಲಿ ಮಳೆ ಕೊಟ್ಟಷ್ಟನ್ನು ಕಳೆದರೆ ನಾಲೆ ಕೊಡಬೇಕಾದದ್ದು ಉಳಿಯುತ್ತದೆ. ಸೂತ್ರ ಗಟ್ಟಿಯಾದದ್ದು, ಸಡಿಲವಾಗಿರುವುದು ವಿಸ್ತೀರ್ಣದ ಅಂಕಿ. ಅಚ್ಚುಕಟ್ಟಿನ ದಾಖಲೆಯಲ್ಲಿ ಅರೆ ಖುಷ್ಕಿ ಎಂದಿರುವ ಕಡೆ ಕಬ್ಬು ನಿಂತಿರುತ್ತದೆ, ದಾಖಲೆಯಲ್ಲೇ ಇಲ್ಲದ ಜಮೀನು ಪಂಪ್‌ಸೆಟ್ಟಿನಿಂದ ನೀರು ಪಡೆದಿರುತ್ತದೆ. ಉಪಗ್ರಹದಿಂದ ನೆಲದ ಉಷ್ಣತೆಯನ್ನು ಅಳೆದು ಎಷ್ಟು ನೀರು ಆವಿಯಾಗಿದೆ ಎಂದು ಹೇಳುವ ವಿಧಾನಗಳು 1990ರ ದಶಕದಿಂದ ಬೆಳೆದಿವೆ. ಅವು ದಾಖಲೆಯನ್ನು ಕೇಳುವುದಿಲ್ಲ, ಹೊಲವನ್ನೇ ನೋಡುತ್ತವೆ. ಮೋಡ ಕವಿದ ಮುಂಗಾರಿನಲ್ಲಿ ಮಾತ್ರ ಅವುಗಳ ಕಣ್ಣು ಮಂಜಾಗುತ್ತದೆ.

ಜಲಾಶಯದ ಮೇಲ್ಮೈಯಿಂದ ಆವಿಯಾಗುವ ನೀರನ್ನು ತಿಳಿಯಲು ದಡದಲ್ಲಿ ಇಟ್ಟ ಬಾನಿಯ ನೀರು ದಿನಕ್ಕೆ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಬಾನಿ ಬೇಗ ಕಾಯುವುದರಿಂದ ಅದರ ಅಂಕಿಯನ್ನು ಸುಮಾರು 0.7ರಿಂದ ಗುಣಿಸಬೇಕು.

ಊರುಗಳ ಬಳಕೆಗೆ ನ್ಯಾಯಮಂಡಳಿಗಳು ಒಂದು ನಿಯಮ ಇಟ್ಟುಕೊಂಡಿವೆ: ಕುಡಿಯುವ ನೀರಿಗೆಂದು ತೆಗೆದದ್ದರಲ್ಲಿ 20% ಮಾತ್ರ ವ್ಯಯ, ಕೈಗಾರಿಕೆಯದರಲ್ಲಿ 2.5%. ಉಳಿದದ್ದು ಚರಂಡಿಯ ಮೂಲಕ ಹೊಳೆಗೆ ಮರಳುತ್ತದೆಂಬುದು ಇದರ ಹಿಂದಿನ ತರ್ಕ. ಸಣ್ಣ ಪಟ್ಟಣಗಳಿಗೆ ಇದು ಒಪ್ಪುತ್ತದೆ. ಬೆಂಗಳೂರಿಗೆ ಒಪ್ಪುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೆಯ ಹಂತ ಉದ್ಘಾಟನೆಯಾದ ಮೇಲೆ ನಗರಕ್ಕೆ ಕಾವೇರಿಯಿಂದ ದಿನಕ್ಕೆ ಸುಮಾರು 2,225 ದಶಲಕ್ಷ ಲೀಟರ್ ತರುವ ಸಾಮರ್ಥ್ಯವಿದೆ. ಪೂರ್ಣ ಸಾಮರ್ಥ್ಯದಲ್ಲಿ ಅದು ವರ್ಷಕ್ಕೆ 28.7 ಟಿಎಂಸಿ ಅಡಿ. 20% ನಿಯಮದಂತೆ ವ್ಯಯ 5.7 ಮಾತ್ರ. ಆದರೆ ನಗರ ಕುಳಿತಿರುವುದು ದಿಣ್ಣೆಯ ಮೇಲೆ. ಪಶ್ಚಿಮದ ಕೊಳಚೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಬರುತ್ತದೆ. ಪೂರ್ವದ್ದು ದಕ್ಷಿಣ ಪಿನಾಕಿನಿಯ ಕೊಳ್ಳಕ್ಕೆ ಇಳಿಯುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಕೋಲಾರಕ್ಕೆ ಅದು ದೊಡ್ಡ ನೆರವು, ನಿಲ್ಲಬಾರದು. ಕಾವೇರಿಯ ಪುಸ್ತಕದಲ್ಲಿ ಮಾತ್ರ ಆ ನೀರನ್ನು 100% ವ್ಯಯವೆಂದೇ ಬರೆಯಬೇಕು. ಬೇಸಿಗೆಯಲ್ಲಿ ಅರ್ಕಾವತಿ ಸಂಗಮಕ್ಕೆ ತರುವ ನೀರಿನಲ್ಲಿ ಬೆಂಗಳೂರಿನ ಕೊಳಚೆಯ ಪಾಲು ದೊಡ್ಡದು ಎಂಬುದನ್ನೂ ಜೊತೆಗೆ ಬರೆಯಬೇಕು, ಏಕೆಂದರೆ ಪ್ರಮಾಣದ ಲೆಕ್ಕ ಗುಣಮಟ್ಟವನ್ನು ಹೇಳುವುದಿಲ್ಲ.

ಹೀಗೆ ಬಳಕೆಯ ನಂತರ ಹೊಳೆಗೆ ಮರಳುವ ನೀರಿಗೆ ಮರುಹರಿವು ಎಂದು ಹೆಸರು ಕೊಟ್ಟು ಪಾಲು ಹಂಚಿದ್ದು ಕೃಷ್ಣಾ ಕೊಳ್ಳದಲ್ಲಿ. ಬಚಾವತ್ ನ್ಯಾಯಮಂಡಳಿ 75% ಭರವಸೆಯ (ನಾಲ್ಕರಲ್ಲಿ ಮೂರು ವರ್ಷ ಸಿಗುವ) 2,060 ಟಿಎಂಸಿ ಅಡಿಯ ಜೊತೆಗೆ ಮರುಹರಿವೆಂದು 70 ಟಿಎಂಸಿ ಅಡಿ ಸೇರಿಸಿತು; ಕರ್ನಾಟಕದ 700ಕ್ಕೆ 34 ಸೇರಿದ್ದು ಹಾಗೆ.

ಸಹಜ ಹರಿವು

ಕಟ್ಟೆ, ನಾಲೆ, ಪಂಪ್ ಯಾವುದೂ ಇಲ್ಲದಿದ್ದರೆ ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತಿತ್ತು? ಹಂಚಿಕೆಯ ಎಲ್ಲ ತೀರ್ಪುಗಳ ಬುಡದಲ್ಲಿ ಈ ಪ್ರಶ್ನೆ ಇದೆ. ಅಳೆದ ಹರಿವಿಗೆ ಮೇಲಿನ ಎಲ್ಲ ವ್ಯಯವನ್ನೂ ಸಂಗ್ರಹದ ಏರಿಳಿತವನ್ನೂ ಆವಿಯನ್ನೂ ಕೂಡಿದರೆ ಉತ್ತರ ಸಿಗುತ್ತದೆ. ಎಂದರೆ ವ್ಯಯದ ಅಂದಾಜು ತಪ್ಪಿದರೆ ನದಿಯ ಒಟ್ಟು ನೀರಿನ ಅಂದಾಜೇ ತಪ್ಪುತ್ತದೆ. 1972ರ ಕಾವೇರಿ ಸತ್ಯಶೋಧನಾ ಸಮಿತಿ ಅಂದಿನ ಬಳಕೆಯನ್ನು ಹೀಗೆ ಕಂಡಿತು: ತಮಿಳುನಾಡು 489, ಮೈಸೂರು 177, ಕೇರಳ 5, ಒಟ್ಟು 671 ಟಿಎಂಸಿ ಅಡಿ. 2007ರ ನ್ಯಾಯಮಂಡಳಿ ಕೆಳ ಕೊಳ್ಳಿಡಂ ಅಣೆಕಟ್ಟೆಯವರೆಗೆ 50% ಭರವಸೆಯಲ್ಲಿ 740 ಟಿಎಂಸಿ ಅಡಿ ಎಂದು ನಿಗದಿಪಡಿಸಿತು. 50% ಭರವಸೆಯೆಂದರೆ ಎರಡು ವರ್ಷಕ್ಕೊಮ್ಮೆ ಅಷ್ಟು ನೀರು ಇರುವುದಿಲ್ಲ. ಅದರಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7, ಪರಿಸರಕ್ಕೆ 10, ಸಮುದ್ರಕ್ಕೆ ತಪ್ಪಿಹೋಗುವುದು 4. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಹೆಚ್ಚಿಸಿತು: ತಮಿಳುನಾಡಿನ ಅಂತರ್ಜಲದಿಂದ ದೊರೆಯುವ 10ನ್ನು ಪರಿಗಣಿಸಿ ಅಷ್ಟು, ಬೆಂಗಳೂರಿಗಾಗಿ 4.75. ಅಂತರ್ಜಲವನ್ನು ಹಂಚಿಕೆಯ ತಕ್ಕಡಿಗೆ ತಂದ ಈ ಹೆಜ್ಜೆ ಮಹತ್ವದ್ದು.

ಸಂಕಷ್ಟದ ವರ್ಷದಲ್ಲಿ ಕೊರತೆಯನ್ನೂ ಅನುಪಾತದಲ್ಲಿ ಹಂಚಬೇಕು. 2018ರ ಜೂನ್‌ನಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಮತ್ತು ಅದರ ನಿಯಂತ್ರಣ ಸಮಿತಿ, ಕರ್ನಾಟಕದ ನಾಲ್ಕು ಜಲಾಶಯಗಳ ಒಳಹರಿವನ್ನು ಹಿಂದಿನ 30 ವರ್ಷಗಳ ಸರಾಸರಿಗೆ ಹೋಲಿಸಿ ಕೊರತೆ ಗೊತ್ತುಮಾಡುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಕೊರತೆ ಅರ್ಧದಷ್ಟು ಮುಟ್ಟಿತ್ತು. ತಮಿಳುನಾಡಿಗೆ ಮೊದಲು 5,000, ತಿಂಗಳ ಕೊನೆಗೆ 3,000 ಕ್ಯೂಸೆಕ್ ಬಿಡಬೇಕೆಂಬ ಆದೇಶಗಳು ಬಂದವು. ಅವನ್ನು ವಿರೋಧಿಸಿ ಬೆಂಗಳೂರಿನಲ್ಲೂ ರಾಜ್ಯದಲ್ಲೂ ಬಂದ್ ಆಯಿತು. ಈ ಅನುಪಾತ ನಿಂತಿರುವುದು ಪೂರ್ತಿ ಒಳಹರಿವಿನ ಮೇಲೆ. ಬೆಳೆ ಎಷ್ಟು ನೀರು ಕುಡಿದಿದೆ, ಬಾವಿಗಳಲ್ಲಿ ಎಷ್ಟು ಉಳಿದಿದೆ ಎಂಬುದು ಅದರಲ್ಲಿ ಇಲ್ಲ.

ಅಮೆರಿಕದ ಕೊಲೊರಾಡೊ ಕೊಳ್ಳ ವ್ಯಯದ ಲೆಕ್ಕದಲ್ಲಿ ಮುಂದಿದೆ. 1922ರ ಒಪ್ಪಂದ ಮೇಲಿನ ಮತ್ತು ಕೆಳಗಿನ ರಾಜ್ಯಗಳಿಗೆ ತಲಾ 75 ಲಕ್ಷ ಎಕರೆ-ಅಡಿ (ಸುಮಾರು 327 ಟಿಎಂಸಿ ಅಡಿ) ಹಂಚಿತು. ಆಧಾರವಾಗಿದ್ದ ವರ್ಷಗಳು ಹೆಚ್ಚು ಮಳೆಯವಾದ್ದರಿಂದ ಅಂದಾಜು ನಿಜಕ್ಕಿಂತ ದೊಡ್ಡದಾಯಿತು. 1964ರ ಸುಪ್ರೀಂ ಕೋರ್ಟ್ ಡಿಕ್ರಿಯ ಬಳಿಕ ಕೆಳಕೊಳ್ಳದಲ್ಲಿ ಪ್ರತಿ ಬಳಕೆದಾರ ತೆಗೆದದ್ದೆಷ್ಟು, ಮರಳಿಸಿದ್ದೆಷ್ಟು, ವ್ಯಯವೆಷ್ಟು ಎಂಬ ವಾರ್ಷಿಕ ಲೆಕ್ಕ ಹೊರಬರುತ್ತದೆ. ಅಲ್ಲೂ ಕೆಳಗಿನ ಜಲಾಶಯಗಳ ಆವಿಯನ್ನು ಯಾರ ಖಾತೆಗೂ ಹಾಕದೆ ಬಿಟ್ಟದ್ದರಿಂದ ಅವುಗಳಲ್ಲೊಂದಾದ ಮೀಡ್ ಸರೋವರ ವರ್ಷವರ್ಷ ಇಳಿಯುವುದಕ್ಕೆ ದಾರಿಯಾಯಿತು.

ಕಾವೇರಿಯಲ್ಲಿ ಬೇಕಿರುವುದು ಅಂಥದೇ ಒಂದು ವಾರ್ಷಿಕ ಪುಸ್ತಕ, ನಾಲ್ಕೂ ಪಾಲುದಾರರದು. ಹೊಳೆಯಂಚಿನ ಏತ ನೀರಾವರಿಗೂ ಪಂಪ್‌ಸೆಟ್ಟುಗಳಿಗೂ ಅಳತೆ, ಜಲಾಶಯಗಳ ಹೊಸ ಸಾಮರ್ಥ್ಯ ಕೋಷ್ಟಕ, ನಾಲೆಯ ಕೊನೆಯಲ್ಲೂ ಬಸಿಗಾಲುವೆಯ ಬಾಯಲ್ಲೂ ಮಾಪಕ, ತಿಂಗಳಿಗೊಮ್ಮೆ ಉಪಗ್ರಹದ ಅಂದಾಜು: ಇವೆಲ್ಲಕ್ಕೂ ಬೇಕಾದ ತಂತ್ರಜ್ಞಾನ ಇಂದು ದೇಶದಲ್ಲೇ ಇದೆ. ಆ ಪುಸ್ತಕವನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಮಲಯಾಳಂನಲ್ಲಿ ಅಚ್ಚು ಹಾಕಿಸಿ, ಮುಂದಿನ ಬರ ಬರುವ ಮೊದಲೇ ರೈತರ ಕೈಗೆ ಕೊಡಬೇಕು.